ಮನೆಗೆ ಹೋಗಬೇಕೆನ್ನುವವನು ನಾಯಕನಾಗಬಲ್ಲನೇ? ಜೆಫ್ ಸ್ಮಿತ್ ಅವರ ‘ಬೋನ್’ ಕುರಿತು

ಹೊಳೆಬದಿಯ ಓದುಗ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ರಾತ್ರಿ ಊಟದ ನಂತರ ನಾನೂ ನನ್ನ ಮಗಳೂ ಕೂಡಿ ಅಮೆರಿಕದ ಚಿತ್ರಕಾರ ಜೆಫ್ ಸ್ಮಿತ್ ಅವರ ‘ಬೋನ್’ ಕಾಮಿಕ್ಸನ್ನು ಓದುತ್ತಿದ್ದೆವು. ಕಳೆದ ಭಾನುವಾರ ಒಂಬತ್ತನೆಯ ಸಂಪುಟವೂ ಮುಗಿಯಿತು. ಪುಸ್ತಕ ಮುಚ್ಚಿದ ಮೇಲೆ ಅವಳು, ‘ಅಪ್ಪಾ, ಇದರಲ್ಲಿ ಹೀರೋ ಯಾರು?’ ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಓದದವರಿಗಾಗಿ ಕಥೆಯ ಆರಂಭವನ್ನಷ್ಟೇ ಹೇಳುತ್ತೇನೆ. ಬೋನ್‌ವಿಲ್ ಎಂಬ ಊರಿನ ಮೂವರು ಸೋದರ ಸಂಬಂಧಿಗಳಲ್ಲಿ ಫೋನಿ ಬೋನ್ ದುಡ್ಡಿನಾಸೆಯವನು. ಮೇಯರ್ ಆಗಲು ಹೊರಟು ಊರವರ ಸಿಟ್ಟಿಗೆ ಗುರಿಯಾಗಿ ಓಡಿಹೋಗಬೇಕಾಗುತ್ತದೆ. ಉದ್ದಕಾಲಿನ, ಸದಾ ನಗುವ ಸ್ಮೈಲಿ ಬೋನ್ ಮತ್ತು ಪುಸ್ತಕದ ಹುಚ್ಚಿನ ಫೋನ್ ಬೋನ್ ಅವನೊಂದಿಗೆ ಹೊರಡುತ್ತಾರೆ. ಮರುಭೂಮಿಯಲ್ಲಿ ಮಿಡತೆಗಳ ಹಿಂಡು ಎರಗಿದಾಗ ಮೂವರೂ ದಿಕ್ಕಾಪಾಲಾಗುತ್ತಾರೆ. ಫೋನ್ ಬೋನ್ ಕೊನೆಗೆ ಬಂದು ಸೇರುವ ಕಣಿವೆಯಲ್ಲಿ ಇಲಿಯಂಥ ದೈತ್ಯಪ್ರಾಣಿಗಳು ಅವನ ಬೆನ್ನು ಹತ್ತುತ್ತವೆ. ಅಲ್ಲೇ ಥಾರ್ನ್ ಎಂಬ ಹುಡುಗಿಯೂ ಹಸುಗಳ ಜೊತೆ ಓಟದ ಪಂದ್ಯ ಕಟ್ಟುವ ಅವಳ ಗಟ್ಟಿಗಿತ್ತಿ ಅಜ್ಜಿಯೂ ಅವನಿಗೆ ಸಿಗುತ್ತಾರೆ. ಅಲ್ಲಿಂದ ಮುಂದೆ ಕಥೆ ಹಗುರವಾದ ನಗೆಯಿಂದ ರಾಜ್ಯ, ಯುದ್ಧ, ಡ್ರ್ಯಾಗನ್‌ಗಳವರೆಗೆ ಬೆಳೆಯುತ್ತದೆ. ಆದರೆ ಫೋನ್ ಬೋನ್ ಮೊದಲ ಸಂಪುಟದಿಂದ ಕೊನೆಯವರೆಗೂ ಬಯಸುವುದು ಒಂದನ್ನೇ: ಅಣ್ಣತಮ್ಮಂದಿರನ್ನು ಕರೆದುಕೊಂಡು ಮನೆಗೆ ಹೋಗಬೇಕು.

ಅವನಿಗೆ ಕತ್ತಿ ಹಿಡಿಯುವ ಹಂಬಲವಿಲ್ಲ. ಥಾರ್ನ್ ಎದುರಿಗೆ ಬಂದರೆ ಮಾತು ತೊದಲುತ್ತದೆ, ತಲೆಯ ಸುತ್ತ ಪುಟ್ಟ ಹೃದಯಗಳು ಹಾರುತ್ತವೆ. ಅಪಾಯ ಬಂದರೆ ಓಡುತ್ತಾನೆ, ಮತ್ತು ಓಡುವುದರಲ್ಲೂ ಜಾಣನಲ್ಲ. ಹೀಗಿರುವವನು ಸಾವಿರದ ಮುನ್ನೂರಕ್ಕೂ ಹೆಚ್ಚು ಪುಟಗಳ ಕಥೆಯನ್ನು ಹೊತ್ತು ನಿಲ್ಲುವುದು ಹೇಗೆ ಎಂಬುದೇ ನನ್ನ ಬೆರಗು. ನಾನು ಓದಿ ಬೆಳೆದ ‘ಬಾಲಮಂಗಳ’ದ ಡಿಂಗ ಕರೆದ ಕೂಡಲೇ ಹಾರಿ ಬರುತ್ತಿದ್ದ. ಫೋನ್ ಬೋನ್‌ನನ್ನು ಯಾರೂ ಕರೆಯುವುದಿಲ್ಲ. ಕರೆದರೂ ಅವನು ಸಂತೋಷದಿಂದ ಬರುವವನಲ್ಲ.

ತಾಳಮದ್ದಲೆ ಪ್ರಿಯ:

ಬಹಳ ಒಳ್ಳೆಯ ಪ್ರಶ್ನೆ. ನಮಗೆ ಇದು ಹೊಸದೇನಲ್ಲ, ಏಕೆಂದರೆ ಯುದ್ಧಕ್ಕೆ ಹೋಗಲೊಲ್ಲದ ವೀರನನ್ನು ನಾವು ವಿರಾಟಪರ್ವದಲ್ಲಿ ನೋಡಿಯೇ ಇದ್ದೇವೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮ ಮನೆಮನೆಯಲ್ಲೂ ಇದೆ. ಅಂತಃಪುರದ ಹೆಂಗಸರ ಮುಂದೆ ಕೌರವರನ್ನೆಲ್ಲ ಸೋಲಿಸಿ ಬರುವೆನೆಂದು ಕೊಚ್ಚಿಕೊಂಡವನು, ಸೇನೆಯನ್ನು ಕಣ್ಣಾರೆ ಕಂಡದ್ದೇ ತಡ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಹಿಂದೆ ಓಡಿ ಹಿಡಿದು ತರಬೇಕಾಗುತ್ತದೆ. ಯಕ್ಷಗಾನದಲ್ಲಿ ಆ ಓಟವನ್ನು ನೋಡಿ ನಕ್ಕವರಿಗೆ ಫೋನ್ ಬೋನ್‌ನ ಓಟ ಅಪರಿಚಿತವೆನಿಸುವುದಿಲ್ಲ.

ಆದರೆ ನನ್ನ ಮಟ್ಟಿಗೆ ಇಬ್ಬರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಉತ್ತರನನ್ನು ನಗೆಗೀಡು ಮಾಡುವುದು ಅವನ ಭಯವಲ್ಲ, ಭಯಕ್ಕೆ ಮೊದಲು ಅವನು ಆಡಿದ ಮಾತು. ಫೋನ್ ಬೋನ್ ಎಲ್ಲಿಯೂ ಬಡಾಯಿ ಕೊಚ್ಚುವುದಿಲ್ಲ. ಬಡಾಯಿಯ ಭಾಗವನ್ನು ಲೇಖಕರು ಫೋನಿ ಬೋನ್‌ಗೆ ಕೊಟ್ಟು, ಭಯದ ಭಾಗವನ್ನು ಮಾತ್ರ ಫೋನ್ ಬೋನ್‌ಗೆ ಉಳಿಸಿದ್ದಾರೆ. ಒಬ್ಬನೇ ಉತ್ತರನನ್ನು ಇಬ್ಬರಾಗಿ ಒಡೆದಂತೆ ನನಗೆ ಕಾಣುತ್ತದೆ. ಆದ್ದರಿಂದಲೇ ಇವನು ಓಡಿದಾಗ ನಮಗೆ ನಗು ಬರುತ್ತದೆ, ಆದರೆ ಅವನ ಮೇಲೆ ತಾತ್ಸಾರ ಹುಟ್ಟುವುದಿಲ್ಲ.

ಕುಂಚ ಮತ್ತು ಮಸಿ:

ತಾತ್ಸಾರ ಹುಟ್ಟದಿರುವುದಕ್ಕೆ ಚಿತ್ರಗಳೂ ಕಾರಣ. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ, ಏಕೆಂದರೆ ಈ ಕೃತಿಯಿಂದಲೇ ನಾನು ಕುಂಚದಲ್ಲಿ ಮಸಿ ಹಾಕುವುದನ್ನು ಕಲಿತದ್ದು.

ಮೊದಲ ಸಂಪುಟದಲ್ಲಿ ಒಂದು ದೃಶ್ಯವಿದೆ. ಇಬ್ಬರು ಇಲಿದೈತ್ಯರು ಅಟ್ಟಿಸಿಕೊಂಡು ಬಂದಾಗ ಫೋನ್ ಬೋನ್ ಕಡಿದಾದ ಬಂಡೆಯಿಂದ ಹಾರಿ, ಅದರ ಬದಿಯಲ್ಲಿ ಚಾಚಿಕೊಂಡ ಒಂದು ಬಡಕಲು ಟೊಂಗೆಯನ್ನು ಹಿಡಿದು ನೇತಾಡುತ್ತಾನೆ. ಇಷ್ಟು ಸಣ್ಣ ಟೊಂಗೆಯ ಮೇಲೆ ನನ್ನ ಹಿಂದೆ ಹಾರಬೇಕಾದರೆ ಅವು ಎಷ್ಟು ದಡ್ಡ ಪ್ರಾಣಿಗಳಾಗಿರಬೇಕು ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಮರುಚೌಕದಲ್ಲಿ ಆ ಎರಡೂ ಭಾರೀ ದೇಹಗಳು ಅದೇ ಟೊಂಗೆಗೆ ಜೋತುಬಿದ್ದಿವೆ. ನಡುವೆ ಹಾರುವ ಚಿತ್ರವಿಲ್ಲ, ಶಬ್ದವಿಲ್ಲ, ಕೋನವೂ ಬದಲಾಗಿಲ್ಲ. ನಗೆ ಇರುವುದು ಚೌಕಗಳ ನಡುವಿನ ಬಿಳಿ ಪಟ್ಟಿಯಲ್ಲಿ. ಕಾಮಿಕ್ಸಿಗೆ ಬರುವ ಮುನ್ನ ಸ್ಮಿತ್ ಅನಿಮೇಷನ್ ಸ್ಟುಡಿಯೋ ನಡೆಸುತ್ತಿದ್ದವರು. ಎಷ್ಟು ಹೊತ್ತು ತಡೆಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕ ಅವರ ಕೈಗೆ ಅಲ್ಲಿಂದಲೇ ಬಂದಿದೆ. ಅದೇ ಸಂಪುಟದಲ್ಲಿ ಚಳಿಗಾಲ ಬರುವ ಬಗೆಯನ್ನೂ ನೋಡಿ. ಹಿಮ ಹೂವಿನಂತೆ ಉದುರುವುದಿಲ್ಲ. ಇಡೀ ಋತುವಿನ ಹಿಮ ಒಂದೇ ಏಟಿಗೆ ಗೋಣಿಚೀಲ ಸುರಿದಂತೆ ದೊಪ್ಪನೆ ಬೀಳುತ್ತದೆ.

ಇನ್ನೊಂದು ಮಾತು. ಮರದ ತೊಗಟೆ, ಕಲ್ಲು, ಅಜ್ಜಿಯ ಮುಖದ ಸುಕ್ಕು, ಇಲಿದೈತ್ಯರ ತುಪ್ಪಳ ಎಲ್ಲವೂ ಸಾವಿರಾರು ಗೆರೆಗಳಲ್ಲಿ ನಿಜದಂತೆ ಮೂಡಿವೆ. ಫೋನ್ ಬೋನ್ ಮಾತ್ರ ದುಂಡನೆಯ ಮೂಗು, ಎರಡು ಹುಬ್ಬು, ಒಂದು ಹೊಟ್ಟೆ, ಅಷ್ಟೇ. ಆ ಕಾಡಿಗೆ ಅವನು ಸೇರಿದವನಲ್ಲ ಎಂಬುದನ್ನು ಮಾತಿನಲ್ಲಿ ಹೇಳಬೇಕಾಗಿಲ್ಲ, ಗೆರೆಯೇ ಹೇಳುತ್ತದೆ. ಅವನ ಸುತ್ತಲಿನ ಲೋಕಕ್ಕೆ ತೂಕವಿದೆ, ಅವನಿಗೆ ಇಲ್ಲ. ಅದಕ್ಕಾಗಿ ನಾನು ಇದನ್ನು ಮೂಲದ ಕಪ್ಪುಬಿಳುಪಿನಲ್ಲೇ ಓದಿ ಎಂದು ಎಲ್ಲರಿಗೂ ಹೇಳುತ್ತೇನೆ. ಆಮೇಲೆ ಬಂದ ಬಣ್ಣದ ಆವೃತ್ತಿಗೆ ಸ್ಟೀವ್ ಹಮಾಕರ್ ಹಾಕಿದ ಬಣ್ಣ ತುಂಬ ಸಂಯಮದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ರಾತ್ರಿಯ ದೃಶ್ಯಗಳಲ್ಲಿ ಅಪ್ಪಟ ಕಪ್ಪು ಕೊಡುವ ಭಯವನ್ನು ನೀಲಿ ಬಣ್ಣ ಕೊಡಲಾರದು.

ಮೂರನೇ ಬೆಂಚು:

ಎಲ್ಲರೂ ಫೋನ್ ಬೋನ್‌ನನ್ನೇ ನಾಯಕನೆಂದು ಒಪ್ಪಿಕೊಂಡು ಮಾತನಾಡುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ಈ ಕಥೆಯ ನಾಯಕಿ ಥಾರ್ನ್. ರಾಜವಂಶದ ಗುಟ್ಟು ಅವಳದು, ಕನಸುಗಳು ಅವಳವು, ಕೊನೆಯ ಹೊಣೆಯೂ ಅವಳದು. ಸ್ಮಿತ್ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ 1980ರ ದಶಕದ ಮೊದಲರ್ಧದಲ್ಲಿ ಬರೆಯುತ್ತಿದ್ದ ಚಿತ್ರಪಟ್ಟಿಯ ಹೆಸರೇ ‘ಥಾರ್ನ್’ ಆಗಿತ್ತು ಎಂಬುದನ್ನು ಮರೆಯಬಾರದು. ಬೋನ್ ಸೋದರರು ನಮ್ಮ ನಾಟಕಗಳಲ್ಲಿ ರಾಜನ ಪಕ್ಕದಲ್ಲಿರುವ ವಿದೂಷಕನ ಜಾಗದಲ್ಲಿದ್ದಾರೆ. ವಿದೂಷಕನನ್ನು ಎಷ್ಟೇ ಪ್ರೀತಿಸಿದರೂ ಅವನು ನಾಯಕನಾಗುವುದಿಲ್ಲ.

ಹೊಳೆಬದಿಯ ಓದುಗ:

ನಿಮ್ಮ ವಾದದಲ್ಲಿ ತಥ್ಯವಿದೆ, ಮತ್ತು ನನ್ನ ಮಗಳೂ ಮೊದಲು ಥಾರ್ನ್ ಹೆಸರನ್ನೇ ಹೇಳಿದಳು. ಆದರೆ ವಿದೂಷಕನನ್ನು ತೆಗೆದರೂ ಕಥೆ ಉಳಿಯುತ್ತದೆ. ಬೋನ್‌ಗಳನ್ನು ತೆಗೆದರೆ ಇಲ್ಲಿ ಕಥೆ ಆರಂಭವೇ ಆಗುವುದಿಲ್ಲ. ಶತ್ರುಪಕ್ಷ ಹುಡುಕುತ್ತಿರುವುದು ಎದೆಯ ಮೇಲೆ ನಕ್ಷತ್ರವಿರುವ ಫೋನಿ ಬೋನ್‌ನನ್ನು. ಅವನಲ್ಲಿ ಏನೋ ಮಹಾಶಕ್ತಿಯಿದೆ, ವಿಧಿ ಅವನನ್ನು ಆರಿಸಿದೆ ಎಂದು ಆ ಪಕ್ಷದ ಮುಸುಕುಧಾರಿ ನಂಬಿರುವುದಕ್ಕೆ ಕಾರಣವೇನೆಂದರೆ, ಫೋನಿ ಚುನಾವಣೆಯ ಪ್ರಚಾರಕ್ಕೆ ಹಾರಿಸಿದ್ದ ದೊಡ್ಡ ಬಲೂನು ಗಾಳಿಗೆ ಸಿಕ್ಕಿ ಕಣಿವೆಗೆ ಬಂದಿದೆ. ಒಂದು ರಾಜ್ಯದ ಹಣೆಬರಹವೇ ಹರಿದ ಬಲೂನಿನ ಮೇಲೆ ನಿಂತಿರುವುದನ್ನು ಕಂಡಾಗ, ‘ವಿಧಿ ಆರಿಸಿದ ವೀರ’ ಎಂಬ ಕಲ್ಪನೆಯನ್ನೇ ಲೇಖಕರು ಪರೀಕ್ಷೆಗೆ ಒಡ್ಡುತ್ತಿದ್ದಾರೆ ಎಂದು ನನಗನಿಸಿತು.

ಥಾರ್ನ್‌ಗೆ ಹಿಂದೆ ಸರಿಯುವ ದಾರಿಯಿಲ್ಲ. ಅವಳ ಹುಟ್ಟೇ ಅವಳನ್ನು ಕಟ್ಟಿಹಾಕಿದೆ. ಫೋನ್ ಬೋನ್‌ಗೆ ಅಂಥ ಕಟ್ಟಿಲ್ಲ. ಆ ರಾಜ್ಯ ಅವನದಲ್ಲ, ಆ ಜನ ಅವನವರಲ್ಲ, ಯುದ್ಧ ಗೆದ್ದರೆ ಅವನಿಗೆ ಸಿಗುವುದೂ ಏನಿಲ್ಲ. ಪ್ರತಿ ಸಂಪುಟದಲ್ಲೂ ಅವನಿಗೆ ಹೊರಟುಹೋಗಲು ನ್ಯಾಯವಾದ ಕಾರಣವಿದೆ, ಮತ್ತು ಪ್ರತಿಸಲವೂ ಅವನು ಇನ್ನೊಂದು ದಿನ ಉಳಿಯುತ್ತಾನೆ. ನನ್ನ ದೃಷ್ಟಿಯಲ್ಲಿ ಅವನನ್ನು ನಾಯಕನನ್ನಾಗಿಸುವುದು ಈ ಉಳಿಯುವಿಕೆ. ಕೊನೆಯ ಸಂಪುಟದಲ್ಲಿ ಏನಾಗುತ್ತದೆ ಎಂಬುದನ್ನು ಓದದವರಿಗಾಗಿ ಹೇಳದೆ ಬಿಡುತ್ತೇನೆ; ಥಾರ್ನ್ ಪಕ್ಕದಲ್ಲಿ ಅವನು ಇರುವುದು ಅಲಂಕಾರಕ್ಕಲ್ಲ ಎಂದಷ್ಟೇ ಹೇಳಬಲ್ಲೆ.

ಮೂರನೇ ಬೆಂಚು:

ಬಲೂನಿನ ವಿಷಯವನ್ನು ನಾನು ಈ ರೀತಿ ಯೋಚಿಸಿರಲಿಲ್ಲ. ಥಾರ್ನ್ ಬಗ್ಗೆ ನನ್ನ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ, ಆದರೆ ನಾಯಕತ್ವ ಇಬ್ಬರಲ್ಲಿ ಹಂಚಿಹೋಗಿದೆ ಎಂಬುದನ್ನು ಒಪ್ಪುತ್ತೇನೆ.

ಒಂದು ಫಾರಂ:

ನಾನು ಹುಬ್ಬಳ್ಳಿಯವನು. ಚರ್ಚೆಯಲ್ಲಿ ಇನ್ನೂ ಯಾರೂ ಎತ್ತದ ಒಂದು ವಿಷಯವಿದೆ. ಇಂಥ ನಾಯಕ ಹದಿಮೂರು ವರ್ಷ ಹಾಗೆಯೇ ಉಳಿಯಲು ಸಾಧ್ಯವಾದದ್ದು, ಅವನ ಒಡೆತನ ಅವನನ್ನು ಬರೆದವನ ಕೈಯಲ್ಲೇ ಇದ್ದುದರಿಂದ.

ಸ್ಮಿತ್ ಮೊದಲು ಪತ್ರಿಕೆಗಳಿಗೆ ಚಿತ್ರಪಟ್ಟಿ ಒದಗಿಸುವ ಸಂಸ್ಥೆಗಳ ಬಾಗಿಲು ತಟ್ಟಿದ್ದರು, ಹೊಂದಾಣಿಕೆಯಾಗಲಿಲ್ಲ. 1991ರಲ್ಲಿ ಕಾರ್ಟೂನ್ ಬುಕ್ಸ್ ಎಂಬ ಸ್ವಂತ ಪ್ರಕಾಶನ ಆರಂಭಿಸಿ, ಆ ಜುಲೈನಲ್ಲಿ ಮೊದಲ ಸಂಚಿಕೆಯನ್ನು ಕಪ್ಪುಬಿಳುಪಿನಲ್ಲಿ ತಂದರು. ಆಮೇಲೆ ಅವರ ಪತ್ನಿ ವಿಜಯಾ ಅಯ್ಯರ್ ತಮ್ಮ ಉದ್ಯೋಗವನ್ನು ಬಿಟ್ಟು ಪ್ರಕಾಶನದ ವ್ಯವಹಾರವನ್ನೆಲ್ಲ ವಹಿಸಿಕೊಂಡರು. 21ನೆಯ ಸಂಚಿಕೆಯಿಂದ ಕೆಲಕಾಲ ಇಮೇಜ್ ಕಾಮಿಕ್ಸ್ ಎಂಬ ಬೇರೆ ಪ್ರಕಾಶನದ ಮೂಲಕ ಹೊರತಂದು, 28ನೆಯದರಿಂದ ಮತ್ತೆ ತಮ್ಮದೇ ಹೆಸರಿಗೆ ಮರಳಿದರು. 2004ರಲ್ಲಿ 55ನೆಯ ಸಂಚಿಕೆಯೊಂದಿಗೆ ಕಥೆ ಮುಗಿಯಿತು. ಕಾಮಿಕ್ಸ್‌ಗೆಂದೇ ಕೊಡುವ ಪ್ರಶಸ್ತಿಗಳಲ್ಲಿ ಹತ್ತು ಐಸ್ನರ್, ಹನ್ನೊಂದು ಹಾರ್ವೀ ಬಂದವು. ಒಬ್ಬನೇ ಮನುಷ್ಯ ಬರೆದು, ಚಿತ್ರಿಸಿ, ತಾನು ಅಂದುಕೊಂಡಲ್ಲೇ ಮುಗಿಸಿದ ಕಥೆ ಇದು. ಕಂಪನಿಯ ಸ್ವತ್ತಾದ ಪಾತ್ರವಾಗಿದ್ದರೆ ಮಾರಾಟ ಹೆಚ್ಚಿದ ಮೇಲೆ ಫೋನ್ ಬೋನ್‌ಗೆ ಒಂದು ಕತ್ತಿ, ಒಂದು ಮೇಲಂಗಿ ಕೊಟ್ಟು, ಐನೂರನೆಯ ಸಂಚಿಕೆಯವರೆಗೆ ಓಡಿಸುತ್ತಿದ್ದರು ಎಂದು ನಾನು ನಂಬುತ್ತೇನೆ.

ಅಲ್ಲಿ ಇದು ಸಾಧ್ಯವಾಗಲು ಮಾರಾಟದ ಪದ್ಧತಿಯೂ ಸಹಾಯಕವಾಗಿತ್ತು. ಅಮೆರಿಕದ ಕಾಮಿಕ್ಸ್ ಅಂಗಡಿಗಳು ಮುಂಚಿತವಾಗಿ ಬೇಡಿಕೆ ಸಲ್ಲಿಸುತ್ತವೆ, ಮತ್ತು ಒಮ್ಮೆ ತರಿಸಿಕೊಂಡ ಪ್ರತಿಯನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಆದ್ದರಿಂದ ಸಣ್ಣ ಪ್ರಕಾಶಕನಿಗೆ ಎಷ್ಟು ಅಚ್ಚು ಹಾಕಿಸಬೇಕೆಂಬುದು ಮೊದಲೇ ತಿಳಿಯುತ್ತದೆ. ಬಿಡಿ ಸಂಚಿಕೆಗಳನ್ನು ಬೇಗನೆ ಪುಸ್ತಕವಾಗಿ ಕಟ್ಟಿ, ಹಳೆಯ ಭಾಗಗಳು ಸದಾ ಸಿಗುವಂತೆ ನೋಡಿಕೊಂಡದ್ದು ಈ ದಂಪತಿಗಳ ಜಾಣತನ. ಹತ್ತನೆಯ ಸಂಚಿಕೆಯಲ್ಲಿ ಬಂದು ಸೇರಿದ ಓದುಗನಿಗೂ ಮೊದಲಿನಿಂದ ಓದುವ ದಾರಿ ತೆರೆದಿತ್ತು.

ನಾನೂ ನನ್ನ ಗೆಳೆಯನೂ ಕೆಲವು ವರ್ಷಗಳ ಹಿಂದೆ ಎರಡು ಫಾರಂಗಳ, ಅಂದರೆ 32 ಪುಟಗಳ ಕನ್ನಡ ಕಾಮಿಕ್ಸ್ ಒಂದನ್ನು 500 ಪ್ರತಿ ಅಚ್ಚು ಹಾಕಿಸಿದೆವು. ಸೈಕಲ್ ಅಂಗಡಿಯ ಹುಡುಗನೊಬ್ಬ ನಮ್ಮ ನಾಯಕ. ಮಾರಾಟಗಾರರೊಬ್ಬರು 200 ಪ್ರತಿಗಳನ್ನು ಕಮಿಷನ್ ಮೇಲೆ ತೆಗೆದುಕೊಂಡು ಹೋದರು. ಲೆಕ್ಕವೂ ಬರಲಿಲ್ಲ, ಪ್ರತಿಗಳೂ ಮರಳಲಿಲ್ಲ. ಉಳಿದವನ್ನು ನಾವೇ ಕಾಲೇಜುಗಳ ಮುಂದೆ ನಿಂತು ಮಾರಿದೆವು. ಎರಡನೆಯ ಸಂಚಿಕೆಯ ಹದಿನೆಂಟು ಪುಟಗಳು ಇವತ್ತಿಗೂ ನನ್ನ ಟ್ರಂಕಿನಲ್ಲಿ ಪೆನ್ಸಿಲ್‌ನಲ್ಲೇ ಇವೆ. ಹೀಗಾಗಿ 55 ಎಂಬ ಸಂಖ್ಯೆಯನ್ನು ಓದಿದಾಗ ನನಗೆ ಮೊದಲು ನೆನಪಾಗುವುದು ಪ್ರಶಸ್ತಿಗಳಲ್ಲ, ಅಷ್ಟು ಸಲ ಮುದ್ರಣಾಲಯದ ಬಿಲ್ ಕಟ್ಟಿದ ಆ ಮನೆ.

ಕುಂಚ ಮತ್ತು ಮಸಿ:

ಆ ಹದಿನೆಂಟು ಪುಟಗಳನ್ನು ದಯವಿಟ್ಟು ಹಾಗೆಯೇ ಬಿಡಬೇಡಿ. ನಿಮಗೆ ಒಪ್ಪಿಗೆಯಿದ್ದರೆ ಮಸಿ ಹಾಕಿಕೊಡಲು ನಾನು ಸಿದ್ಧನಿದ್ದೇನೆ. ಖಾಸಗಿಯಾಗಿ ಬರೆಯಿರಿ.

ಸಯೋಟೊ ತೀರದಿಂದ:

ನಾನು ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ ನೆಲೆಸಿರುವ ಕನ್ನಡಿಗ. ಸ್ಮಿತ್ ಬೆಳೆದದ್ದು ಇದೇ ಊರಿನ ಸುತ್ತಮುತ್ತ, ಕಾರ್ಟೂನ್ ಬುಕ್ಸ್ ಇರುವುದೂ ಇಲ್ಲಿಯೇ. 2008ರಲ್ಲಿ ವೆಕ್ಸ್‌ನರ್ ಕಲಾಕೇಂದ್ರದಲ್ಲಿ ಅವರ ಮೂಲಚಿತ್ರಗಳ ಪ್ರದರ್ಶನ ನಡೆದಾಗ ಕೆಲಸ ಮುಗಿಸಿಕೊಂಡು ಹೋಗಿ ನೋಡಿದ್ದೆ. ಅಚ್ಚಿನಲ್ಲಿ ಒಂದೇ ಸಮನಾಗಿ ಕಾಣುವ ಕಪ್ಪು, ಮೂಲದ ಹಾಳೆಯಲ್ಲಿ ಕುಂಚ ಹೋದ ದಿಕ್ಕನ್ನು ತೋರಿಸುತ್ತಿತ್ತು. ಆ ಸಂಜೆ ನಾನು ಎಷ್ಟು ಹೊತ್ತು ನಿಂತಿದ್ದೆನೆಂದರೆ ಕಾವಲಿನವರು ಬಂದು ಮುಚ್ಚುವ ಸಮಯವಾಯಿತೆಂದು ಹೇಳಬೇಕಾಯಿತು. 2015ರಿಂದ ಇಲ್ಲಿ ಸಿಎಕ್ಸ್‌ಸಿ ಎಂಬ ಕಾಮಿಕ್ಸ್ ಉತ್ಸವವೂ ನಡೆಯುತ್ತಿದೆ. ಅದನ್ನು ಕಟ್ಟಿದವರಲ್ಲಿ ಸ್ಮಿತ್ ಮತ್ತು ವಿಜಯಾ ಅಯ್ಯರ್ ಇಬ್ಬರೂ ಇದ್ದಾರೆ. ವಿಜಯಾ ಅವರ ಹೆಸರನ್ನು ಇಲ್ಲಿ ನೆನೆದದ್ದಕ್ಕೆ ‘ಒಂದು ಫಾರಂ’ ಅವರಿಗೆ ಧನ್ಯವಾದ, ಚಿತ್ರಕಾರನ ಹೆಸರು ಹೇಳುವವರು ಆ ಹೆಸರನ್ನು ಬಿಟ್ಟುಬಿಡುವುದೇ ಹೆಚ್ಚು.

2005ರಲ್ಲಿ ಸ್ಕೊಲಾಸ್ಟಿಕ್ ಎಂಬ ಪ್ರಕಾಶನ ಸಂಸ್ಥೆ ಗ್ರಾಫಿಕ್ಸ್ ಎಂಬ ಹೊಸ ಮಾಲಿಕೆಯನ್ನು ಆರಂಭಿಸಿದ್ದು ‘ಬೋನ್’ನ ಬಣ್ಣದ ಆವೃತ್ತಿಯಿಂದಲೇ. ಅದರಿಂದಾಗಿ ಶಾಲೆಯ ಗ್ರಂಥಾಲಯಗಳಿಗೆ ಇದು ಹೋಯಿತು. ಬಣ್ಣದ ಬಗ್ಗೆ ಮೇಲೆ ಬಂದ ಆಕ್ಷೇಪ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಮನೆಯ ಮಕ್ಕಳ ಕೈಗೆ ಮೊದಲು ಸಿಕ್ಕಿದ್ದು ಆ ಬಣ್ಣದ ಪ್ರತಿಯೇ, ಮತ್ತು ಅವರಿಗೆ ಓದಿನ ರುಚಿ ಹತ್ತಿಸಿದ್ದೂ ಅದೇ.

ಸಿನಿಮಾ ಆಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹಲವು ಬಾರಿ ಯತ್ನಗಳಾದವು. 2019ರಲ್ಲಿ ನೆಟ್‌ಫ್ಲಿಕ್ಸ್ ಅನಿಮೇಷನ್ ಸರಣಿಯನ್ನು ಘೋಷಿಸಿ 2022ರಲ್ಲಿ ಕೈಬಿಟ್ಟಿತು.

ಮೂರನೇ ಬೆಂಚು:

ಶಾಲೆಯ ಗ್ರಂಥಾಲಯದ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಅಮೆರಿಕದ ಗ್ರಂಥಾಲಯ ಸಂಘ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ 2013ರಲ್ಲಿ ‘ಬೋನ್’ ಇತ್ತು. ಹಿಂಸೆ ಒಂದು ಕಾರಣವೆಂದು ನಮೂದಾಗಿತ್ತು. ಚಿಕ್ಕ ಮಕ್ಕಳಿಗೆ ಓದಿಸುವವರು ಕೊನೆಯ ಮೂರು ಸಂಪುಟಗಳನ್ನು ತಾವು ಮೊದಲು ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಯುದ್ಧ ನಿಜವಾದ ಯುದ್ಧವೇ. ಹಾಗೆಂದು ಕಪಾಟಿನಿಂದ ತೆಗೆಯಬೇಕೆಂಬುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಅಜ್ಜಿಮನೆ:

ನಾನು ಅನುವಾದದ ಕೆಲಸ ಮಾಡುವವಳು. ಇದನ್ನು ಕನ್ನಡಕ್ಕೆ ತರುವುದಾದರೆ ಹೇಗೆ ಎಂದು ಚರ್ಚೆ ಓದುತ್ತಿದ್ದಂತೆಯೇ ಯೋಚಿಸತೊಡಗಿದೆ.

ಇಲಿದೈತ್ಯ ಎಂಬ ಪದ ನನಗೆ ಸಮಾಧಾನ ಕೊಡಲಿಲ್ಲ. ಇಲಿ ಎಂದರೆ ನಮಗೆ ಗಣಪತಿಯ ವಾಹನ ನೆನಪಾಗುತ್ತದೆ. ಈ ಪ್ರಾಣಿಗಳ ಗಾತ್ರಕ್ಕೂ ಒರಟುತನಕ್ಕೂ ‘ಹೆಗ್ಗಣರಕ್ಕಸ’ ಎಂಬುದು ಹೊಂದುತ್ತದೆ. ಅವುಗಳಲ್ಲಿ ಎರಡು ಸದಾ ಊಟದ ಬಗ್ಗೆ ಜಗಳವಾಡುತ್ತವೆ. ಒಂದಕ್ಕೆ ಹಿಡಿದದ್ದನ್ನು ಹಿಟ್ಟಿನ ಬಟ್ಟಲಿನಲ್ಲಿಟ್ಟು ಕೀಶ್ ಎಂಬ ನಾಜೂಕು ತಿಂಡಿಯಾಗಿ ಬೇಯಿಸುವ ಆಸೆ, ಇನ್ನೊಂದಕ್ಕೆ ರಕ್ಕಸಕುಲಕ್ಕೆ ಅದು ಅವಮಾನವೆಂಬ ಸಿಟ್ಟು. ಕೀಶ್ ಎಂಬ ಪದ ಕನ್ನಡದ ಮಗುವಿಗೆ ನಗು ತರಿಸಲಾರದು. ‘ಹೂರಣ ತುಂಬಿ ಕಡುಬು ಮಾಡೋಣ’ ಎಂದು ಒಂದು ರಕ್ಕಸ ಆಸೆಪಟ್ಟರೆ ತಕ್ಷಣ ನಗು ಬರುತ್ತದೆ, ಅರ್ಥವೂ ಕೆಡುವುದಿಲ್ಲ.

ಅಜ್ಜಿಯ ಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಅವಳು ಸತ್ತುಹೋಗುತ್ತಾಳೆ. ಹಾಸನದ ಕಡೆಯ ನಮ್ಮಜ್ಜಿ ಹೊಲದಲ್ಲಿ ನಿಂತು ಕೂಗುತ್ತಿದ್ದ ಬಗೆಯಲ್ಲಿ, ‘ಏ ಮಗಾ, ಒಳಗೋಗ್ ಕದ ಹಾಕ್ಕ’ ಎಂದರೆ ಅವಳು ಎದ್ದು ನಿಲ್ಲುತ್ತಾಳೆ. ಮುಂದೆ ಅವಳ ನಿಜವಾದ ಹಿನ್ನೆಲೆ ಬಯಲಾದಾಗ ಅದೇ ಬಾಯಿಂದ ಬೇರೆ ಗಾಂಭೀರ್ಯದ ಕನ್ನಡ ಬರಬೇಕು; ಆ ತಿರುವಿಗಾಗಿ ಮೊದಲು ಹಳ್ಳಿಯ ಮಾತನ್ನು ಗಟ್ಟಿಯಾಗಿ ಊರಿರಬೇಕು.

ಫೋನ್ ಬೋನ್ ಮಾತ್ರ ಸ್ವಲ್ಪ ಪುಸ್ತಕದ ಕನ್ನಡ ಮಾತನಾಡಲಿ ಎಂಬುದು ನನ್ನ ಅಪೇಕ್ಷೆ. ಅವನು ಚೀಲದಲ್ಲಿ ‘ಮೋಬಿ ಡಿಕ್’ ಕಾದಂಬರಿಯನ್ನು ಹೊತ್ತು ತಿರುಗುವವನು, ಓದಿ ಹೇಳಲು ಕೂತರೆ ಎದುರಿಗಿದ್ದವರು ನಿದ್ದೆ ಹೋಗುತ್ತಾರೆ. ಆ ಕಾಡಿಗೆ ಅವನ ಗೆರೆ ಹೊಂದುವುದಿಲ್ಲ ಎಂದು ‘ಕುಂಚ ಮತ್ತು ಮಸಿ’ ಅವರು ಹೇಳಿದರಲ್ಲ, ಅವನ ಭಾಷೆಯೂ ಹಾಗೆಯೇ ಹೊಂದದೆ ಉಳಿಯಲಿ.

ತಾಳಮದ್ದಲೆ ಪ್ರಿಯ:

ಅಜ್ಜಿಯ ಕನ್ನಡ ಓದಿ ಮನಸ್ಸು ತುಂಬಿತು. ತಾವು ಹತ್ತು ಪುಟಗಳನ್ನಾದರೂ ಮಾಡಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹೊಳೆಬದಿಯ ಓದುಗ:

ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಬರೆದದ್ದಕ್ಕೆ ಕೃತಜ್ಞನಾಗಿದ್ದೇನೆ. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಹೆಗ್ಗಣರಕ್ಕಸ ಎಂಬ ಹೆಸರು ಅವಳಿಗೆ ತುಂಬ ಹಿಡಿಸಿದೆ, ಈಗ ಮನೆಯಲ್ಲಿ ಅದೇ ಬಳಕೆಯಲ್ಲಿದೆ.

ನಿನ್ನೆ ರಾತ್ರಿ ಮೊದಲ ಸಂಪುಟವನ್ನು ಮತ್ತೆ ತೆಗೆದೆವು. ಮರುಭೂಮಿಯಲ್ಲಿ ಸ್ಮೈಲಿಗೆ ಒಂದು ನಕ್ಷೆ ಸಿಗುತ್ತದಲ್ಲ, ದಾರಿ ತಪ್ಪಿದವರು ಅದನ್ನೇ ನಂಬಿಕೊಳ್ಳುತ್ತಾರೆ. ಅದು ಥಾರ್ನ್ ಬಾಲ್ಯದಲ್ಲಿ ತಾನೇ ಗೀಚಿದ್ದ ಚಿತ್ರ ಎಂಬುದು ನಮಗೆ ತಿಳಿಯುವುದು ಆಮೇಲೆ, ಫೋನ್ ಬೋನ್ ಅದನ್ನು ಅವಳ ಮುಂದೆ ಬಿಡಿಸಿ ಹಿಡಿದಾಗ. ಮೊದಲ ಓದಿನಲ್ಲಿ ನಾವಿಬ್ಬರೂ ಆ ಪುಟವನ್ನು ಬೇಗನೆ ತಿರುಗಿಸಿಬಿಟ್ಟಿದ್ದೆವು. ಈ ಸಲ ಮಗಳು ನನ್ನ ಕೈ ತಡೆದು, ನಕ್ಷೆಯ ಮೇಲೆ ಬೆರಳಿಟ್ಟು, ‘ಇದು ಚಿಕ್ಕ ಮಗು ಬರೆದದ್ದು ಅಂತ ಇವನಿಗೆ ಗೊತ್ತಾಗಿದ್ದರೆ ಇವನು ಬರುತ್ತಿದ್ದನಾ?’ ಎಂದು ಕೇಳಿದಳು. ಬರುತ್ತಿರಲಿಲ್ಲ ಎಂದೆ. ‘ಆದರೆ ಗೊತ್ತಾದ ಮೇಲೆ ಹೋಗಲೂ ಇಲ್ಲ’ ಎಂದು ಹೇಳಿ ಅವಳೇ ಪುಟ ತಿರುಗಿಸಿದಳು.